ಎರಡನೇ ಲೈನಿನಲ್ಲಿ ವೆಂಡೆಲ್

ಮಿನೆಸೋಟದ ಗಣಿ ಸೀಮೆಯ ಆ ಸಣ್ಣ ಊರಿನಲ್ಲಿ ವೆಂಡೆಲ್ ಟುವೊಮಿನೆನ್ ಇಳಿಯದ ನೆಲಮಾಳಿಗೆ ಇರಲಿಲ್ಲ. ಮನೆ ಬೆಚ್ಚಗಿಡುವ ಫರ್ನೇಸು, ಬಾಯ್ಲರುಗಳ ರಿಪೇರಿ ಅವನ ಕಸುಬು. ಗಣಿ ಕೆಲಸ ಹೋದ ಮೇಲೆ ಕಲಿತ ವಿದ್ಯೆ ಅದು, ಆದರೆ ಹುಟ್ಟುವಾಗಲೇ ಕಲಿತು ಬಂದವನ ಹಾಗೆ ಮಾಡುತ್ತಿದ್ದ. ಮಾತು ಮಾತ್ರ ವಿಪರೀತ. ಯಂತ್ರದ ಮುಚ್ಚಳ ಬಿಚ್ಚುತ್ತ ಮನೆಯವರ ಮೊಣಕಾಲು ನೋವು, ಮೊಮ್ಮಕ್ಕಳ ಹಾಕಿ ಆಟ, ಹಿಡಿದ ಮೀನು, ತಪ್ಪಿಸಿಕೊಂಡ ಮೀನು ಎಲ್ಲವನ್ನೂ ವಿಚಾರಿಸಿಕೊಳ್ಳುವನು. ಫರ್ನೇಸಿಗಿಂತ ಮೊದಲು ಮನೆಯವರನ್ನೇ ಬೆಚ್ಚಗೆ ಮಾಡುತ್ತಾನೆ ಎಂದು ಜನ ನಗುತ್ತಿದ್ದರು.

ಅವನ ಹೆಂಡತಿ ಲೊರೇನ್ ಮಾತು ಕಡಿಮೆಯವಳು. ಬೆಳಗಿನ ಹೊತ್ತು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಕ್ಕಳಿಗೆ ಊಟ ಬಡಿಸಿ, ಪಾತ್ರೆ ಎತ್ತಿಟ್ಟು, ಮಧ್ಯಾಹ್ನ ಮನೆಗೆ ಬಂದರೆ ಗಂಡನ ಫೋನುಗಳು. ಒಂದೇ ಫೋನಿದ್ದ ಕಾಲದಲ್ಲಿ ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಅವಳ ತಂಗಿ ಮಾತಿಗೆ ಕೂತರೆ ಗಿರಾಕಿಗೆ ಲೈನು ಸಿಗದು, ಗಿರಾಕಿ ಹಿಡಿದರೆ ತಂಗಿಗೆ ಸಿಗದು. ಕೊನೆಗೆ ವೆಂಡೆಲನೇ ಪೇಟೆಯಿಂದ ಎರಡು ಲೈನಿನ ಕಾರ್ಡ್‌ಲೆಸ್ ಫೋನು ತಂದ. ಫೋನಿನ ಮುಖ್ಯ ಪೆಟ್ಟಿಗೆ ಅಡುಗೆಮನೆಯ ಗೋಡೆಗೆ, ಜೊತೆಗೆ ಕೈಯಲ್ಲಿ ಹಿಡಿದು ಓಡಾಡುವಂಥ ಹ್ಯಾಂಡ್‌ಸೆಟ್ಟುಗಳು: ಒಂದು ಅಡುಗೆಮನೆಗೆ, ಒಂದು ಮಲಗುವ ಕೋಣೆಗೆ, ಒಂದು ನೆಲಮಾಳಿಗೆಯಲ್ಲಿದ್ದ ಅವನ ಕೆಲಸದ ಮೇಜಿಗೆ. ಮೊದಲನೇ ಲೈನು ಮನೆಯದು, ಎರಡನೆಯದು ಕಸುಬಿನದು. ಯಾವ ಲೈನಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಎಲ್ಲ ಹ್ಯಾಂಡ್‌ಸೆಟ್ಟಿನಲ್ಲೂ ಆ ಲೈನಿನ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಯಾರೂ ಎತ್ತದಿದ್ದರೆ ನಾಲ್ಕು ಸಲ ಬಡಿದುಕೊಂಡ ಮೇಲೆ ಯಂತ್ರವೇ ಉತ್ತರ ಕೊಡುವುದು. ಎರಡನೇ ಲೈನಿಗೆ ವೆಂಡೆಲ್ ತನ್ನ ದನಿಯಲ್ಲೇ ಹೇಳಿಟ್ಟಿದ್ದ: “ವೆಂಡೆಲ್ ಮಾತಾಡ್ತಿರೋದು. ಯಾರದೋ ಮನೆ ನೆಲಮಾಳಿಗೇಲಿ ಮಂಡಿಯೂರಿ ಕೂತಿದೀನಿ. ಹೆಸರು, ನಂಬರ್ ಹೇಳಿ. ಹೆದರಬೇಡಿ, ನಿಮ್ಮನ್ನ ಚಳೀಲಿ ಬಿಡಲ್ಲ. ಇವತ್ತಾಗ್ದಿದ್ರೆ ನಾಳೆ.”

ಅವನಿಗೆ ಲಕ್ವ ಹೊಡೆದದ್ದು ನವೆಂಬರಿನಲ್ಲಿ, ಜಿಂಕೆ ಬೇಟೆಯ ದಿನಗಳು ಮುಗಿಯುತ್ತಿದ್ದ ಹಾಗೆ, ಮನೆ ಮುಂದಿನ ಹಿಮ ಬಾಚಿ ಹಾಕುವಾಗ. ಪ್ರಾಣ ಉಳಿಯಿತು. ಬಲಗೈ ಸ್ವಾಧೀನ ತಪ್ಪಿತು, ಕಾಲು ಹೇಗೋ ಎಳೆದುಕೊಂಡು ನಡೆಯುವಷ್ಟಾಯಿತು. ಹೋದದ್ದು ಮಾತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರವೂ ಒಳಗೆ ಸಿದ್ಧವಿರುತ್ತಿತ್ತು, ಬಾಯಿ ತೆರೆದರೆ ಮಾತ್ರ ಬರುತ್ತಿದ್ದದ್ದು ಒಂದೇ ಪದ. ನಾಳೆ. ನೀರು ಬೇಕಾದರೂ ನಾಳೆ, ಕಿಟಕಿ ಹಾಕು ಅನ್ನಬೇಕಾದರೂ ನಾಳೆ. ಹೀಗೆ ಒಂದು ಪದ ಉಳಿದುಕೊಳ್ಳುವುದು ಉಂಟು, ಅದನ್ನೇ ಹಿಡಿದುಕೊಂಡು ಉಳಿದವನ್ನು ಮೇಲೆತ್ತಲು ನೋಡೋಣ ಎಂದು ಮಾತು ಕಲಿಸಲು ಬರುತ್ತಿದ್ದ ಹೆಂಗಸು ಲೊರೇನಳಿಗೆ ಧೈರ್ಯ ಹೇಳಿದಳು.

ಕಸುಬನ್ನು ರೂಡಿ ಸ್ಕಾಲಾ ವಹಿಸಿಕೊಂಡ. ಅವನು ವೆಂಡೆಲನ ಕೈಕೆಳಗೇ ಕಲಿತವನು, ಈಗ ನಲವತ್ತರ ಆಸುಪಾಸು. ಎರಡನೇ ಲೈನಿಗೆ ಬಂದ ಕರೆಗಳನ್ನು ಲೊರೇನ್ ಅವನಿಗೆ ದಾಟಿಸಬೇಕು ಎಂದು ಮಾತಾಯಿತು. ಬೆಳಗ್ಗೆ ಅವಳು ಶಾಲೆಗೆ ಹೋದಾಗ ಯಂತ್ರ ನೋಡಿಕೊಳ್ಳುತ್ತದೆ, ಬಂದು ಕೇಳಿಸಿಕೊಂಡರಾಯಿತು. ವೆಂಡೆಲ್ ಆ ಹೊತ್ತು ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ತನ್ನ ಮೇಜಿನ ಮುಂದೆ ಕೂರುತ್ತಿದ್ದ. ಅಲ್ಲಿ ಅವನಿಗೆ ಹಾಯೆನಿಸುತ್ತದೆ, ಕೂರಲಿ ಎಂದು ಅವಳೂ ಬಿಟ್ಟಳು.

ಕ್ರಿಸ್‌ಮಸ್ ಕಳೆಯುವುದರೊಳಗೆ ದೂರುಗಳು ಶುರುವಾದವು. ದಿನಸಿ ಅಂಗಡಿಯಲ್ಲಿ ಒಬ್ಬಳು ತಡೆದು, ವೆಂಡೆಲ್ ನಾಳೆ ಬರುತ್ತೇನೆ ಎಂದಿದ್ದ, ಬರಲೇ ಇಲ್ಲ ಎಂದಳು. ಚರ್ಚಿನ ಮೆಟ್ಟಿಲ ಮೇಲೆ ಇನ್ನೊಬ್ಬ ಅದನ್ನೇ ಹೇಳಿದ. ಅವನಿಗೆ ಮಾತು ಬಂತಂತಲ್ಲ, ಸಂತೋಷ ಎಂದು ಬೇರೆ ಸೇರಿಸಿದ. ಲೊರೇನ್ ಮನೆಗೆ ಬಂದು ನೋಡಿದರೆ ಯಂತ್ರದಲ್ಲಿ ಒಂದು ಕರೆಯೂ ಉಳಿದಿಲ್ಲ. ಅವಳಿಗೆ ತೋಚಿದ್ದು ಇಷ್ಟೆ: ಯಂತ್ರ ಕೆಟ್ಟಿದೆ. ವೆಂಡೆಲ್ ಹೇಳಿಟ್ಟ ಮಾತನ್ನು ಪೂರ್ತಿ ಹೇಳದೆ ಕೊನೆಯ ಪದವನ್ನಷ್ಟೇ ಜನರ ಕಿವಿಗೆ ಹಾಕುತ್ತಿದೆ, ಅವರು ಹೇಳಿದ್ದನ್ನು ಇಟ್ಟುಕೊಳ್ಳುತ್ತಲೂ ಇಲ್ಲ.

ಗಂಡನನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಮಾತಿಲ್ಲದವನು ಫೋನು ಎತ್ತುತ್ತಾನೆ ಎಂದು ಯಾರಾದರೂ ಹೇಗೆ ಎಣಿಸಿಯಾರು?

ಆ ಫೋನು ತಯಾರಿಸಿದ ಕಂಪನಿಯ ಸಹಾಯದ ನಂಬರಿಗೆ ಕರೆ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿ ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ತಾಳ್ಮೆಯವಳು. ಬ್ಯಾಟರಿ ತೆಗೆಸಿದಳು, ಹಾಕಿಸಿದಳು, ಲೈನುಗಳ ತಂತಿ ಅದಲುಬದಲು ಮಾಡಿಸಿದಳು. ಎಲ್ಲ ಸರಿಯಾಗಿಯೇ ಇತ್ತು. ಇನ್ನು ಉಳಿದಿರುವುದು ಯಂತ್ರವನ್ನು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆ ಮಾಡುವುದೊಂದೇ ಎಂದಳು.

“ಹಾಗೆ ಮಾಡಿದ್ರೆ ಒಳಗೆ ರೆಕಾರ್ಡ್ ಆಗಿರೋದೆಲ್ಲ ಹೋಗ್ಬಿಡತ್ತೆ, ಮೇಡಂ. ಪರವಾಗಿಲ್ವಾ?”

ಲೊರೇನ್ ಗೋಡೆಯ ಪೆಟ್ಟಿಗೆಯನ್ನು ನೋಡಿದಳು. ಆ ದನಿಯೇ ಅಲ್ಲವೇ ಇಷ್ಟೆಲ್ಲ ತೊಂದರೆ ಮಾಡುತ್ತಿರುವುದು? ಬೇಸಗೆ ಹೊತ್ತಿಗೆ ಅವನಿಗೆ ಮಾತು ಬರುತ್ತದೆ, ಹೊಸದಾಗಿ ಹೇಳಿಸಿದರಾಯಿತು. ಪರವಾಗಿಲ್ಲ ಎಂದಳು. ಹುಡುಗಿ ಹೇಳಿದ ಗುಂಡಿಯನ್ನು ಹೇಳಿದಷ್ಟು ಹೊತ್ತು ಒತ್ತಿ ಹಿಡಿದಳು. ಆಮೇಲೆ ತನ್ನ ದನಿಯಲ್ಲೇ, ವೆಂಡೆಲನಿಗೆ ಹುಷಾರಿಲ್ಲ, ರೂಡಿಗೆ ಫೋನ್ ಮಾಡಿ ಎಂದು ಅವನ ನಂಬರು ಸಮೇತ ಹೇಳಿಟ್ಟಳು.

ಜನವರಿಯ ಚಳಿ ಆ ವರ್ಷ ಯಾರೂ ನೋಡಿರದಂಥದ್ದು. ಉಗುಳಿದರೆ ನೆಲ ಮುಟ್ಟುವುದರೊಳಗೆ ಗಟ್ಟಿಯಾಗುತ್ತಿತ್ತು. ಶಾಲೆಗೆ ರಜೆ ಕೊಟ್ಟರು. ಲೊರೇನ್ ಅಡುಗೆಮನೆಯಲ್ಲಿ ತನ್ನ ತಾಯಿ ಮಾಡುತ್ತಿದ್ದ ಆಕ್ರೋಟು ಹೂರಣದ ಪೊಟಿತ್ಸ ರೊಟ್ಟಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಆಗ ರೂಡಿ ಬಂದ. ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತ.

ಸಿಗ್ನೆ ಆಕ್ರೆಯ ಸಂಗತಿ ಅವನು ತಂದಿದ್ದ. ಸಿಗ್ನೆ ಗಂಡ ಸತ್ತ ಮುದುಕಿ, ಕೆರೆಯಾಚೆ ಒಬ್ಬಳೇ ಇದ್ದವಳು, ವೆಂಡೆಲನ ಬಲು ಹಳೆಯ ಗಿರಾಕಿ. ಅವಳ ಬಾಯ್ಲರು ನಿಂತುಹೋಗಿತ್ತು. ಇದ್ದ ಕೋಟುಗಳನ್ನೆಲ್ಲ ಹೊದ್ದುಕೊಂಡು ಕುರ್ಚಿಯಲ್ಲಿ ಕೂತಿದ್ದಳಂತೆ. ಪಕ್ಕದವರು ಚಿಮಣಿಯಲ್ಲಿ ಹೊಗೆ ಕಾಣದೆ ಹೋಗಿ ನೋಡಿದಾಗ ನೀರಿನ ಕೊಳವೆಗಳು ಒಡೆದು ನೆಲವೆಲ್ಲ ಮಂಜುಗಡ್ಡೆಯಾಗಿತ್ತು. ಆಸ್ಪತ್ರೆಗೆ ಸೇರಿಸಿದ್ದಾರೆ, ಜೀವಕ್ಕೆ ಭಯವಿಲ್ಲ, ಕಾಲ್ಬೆರಳುಗಳು ಉಳಿಯುವುದು ಮಾತ್ರ ಅನುಮಾನ.

“ನಂಗ್ಯಾಕೆ ಫೋನ್ ಮಾಡ್ಲಿಲ್ಲ ಅಂತ ಕೇಳ್ದೆ,” ಎಂದ ರೂಡಿ. “ವೆಂಡೆಲ್ ನಾಳೆ ಬರ್ತೀನಿ ಅಂದಿದಾನಲ್ಲ, ಅವನನ್ನ ಬಿಟ್ಟು ಇನ್ನೊಬ್ರನ್ನ ಕರೆಯೋಕಾಗತ್ತಾ ಅಂದ್ರು. ಆ ಮೆಷಿನ್ ಎತ್ತಿ ಬಿಸಾಕಿ, ಲೊರೇನ್. ಇನ್ನೊಂದ್ಸಲ ಹೀಗಾದ್ರೆ ಹೆಣ ಬೀಳತ್ತೆ.”

“ಮೆಷಿನ್ನಲ್ಲಿ ಅವನ ದನಿ ಇಲ್ಲ, ರೂಡಿ,” ಎಂದಳು ಲೊರೇನ್. “ಆಗ್ಲೇ ಅಳಿಸಿಬಿಟ್ಟಿದೀನಿ. ಈಗಿರೋದು ನನ್ನ ದನಿ.”

ಹೇಳುತ್ತ ಹೇಳುತ್ತ ಅವಳ ಕೈ ಹಿಟ್ಟಿನ ಮೇಲೆ ನಿಂತುಹೋಯಿತು. ರೂಡಿ ನೆಲ ನೋಡತೊಡಗಿದ. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಸ್ವಲ್ಪ ಹೊತ್ತಿನಲ್ಲೇ ಎರಡನೇ ಲೈನು ಬಡಿದುಕೊಂಡಿತು. ಒಂದೇ ಸಲ. ಕೆಂಪು ದೀಪ ಹೊತ್ತಿಕೊಂಡಿತು. ಲೊರೇನ್ ಹಿಟ್ಟಿನ ಕೈಯಲ್ಲೇ ಹ್ಯಾಂಡ್‌ಸೆಟ್ ಎತ್ತಿ ಗುಂಡಿ ಒತ್ತಿದಳು. ಯಾರೋ ಗಂಡಸು, ಫರ್ನೇಸಿನಿಂದ ಗಾಳಿ ಬರುತ್ತದೆ ಆದರೆ ಬೆಚ್ಚಗಿಲ್ಲ, ಮನೆಯಲ್ಲಿ ಕೂಸಿದೆ ಎನ್ನುತ್ತಿದ್ದ. ನಡುನಡುವೆ ವೆಂಡೆಲ್ ಹೂಂಗುಟ್ಟುತ್ತಿದ್ದ. ಆ ಮನುಷ್ಯ ನಿಲ್ಲಿಸಿದಾಗ ಹೇಳಿದ: “ನಾಳೆ.” ಎದುರಿಗೆ ಕೂತು ತಡವರಿಸುವಾಗಿನ ದನಿ ಅದಲ್ಲ. ಫೋನಿನಲ್ಲಿ ಅದು ಹಳೆಯ ವೆಂಡೆಲನದೇ ದನಿ, ಗಟ್ಟಿಯಾದದ್ದು, ನಂಬಿಕೆ ಬರಿಸುವಂಥದ್ದು. ಹೆದರಬೇಡಿ ಎನ್ನುವುದೂ ಅದರೊಳಗೇ ಇತ್ತು.

ಗಿರಾಕಿಯ ವಿಳಾಸ ತಾನೇ ಕೇಳಿಕೊಂಡು ರೂಡಿಗೆ ಹೇಳಿ, ಅವನನ್ನು ಆ ಮನೆಗೆ ಹೊರಡಿಸಿ, ಲೊರೇನ್ ಕೆಳಗಿಳಿದಳು.

ವೆಂಡೆಲ್ ಕೆಲಸದ ಟೋಪಿ ಹಾಕಿಕೊಂಡು ಕೂತಿದ್ದ. ಗಡ್ಡ ಎಡಗೈಯಲ್ಲೇ ಹೇಗೋ ಹೆರೆದುಕೊಂಡಿದ್ದ. ಸಲಕರಣೆಯ ಚೀಲ ಕಾಲ ಬಳಿ ತುಂಬಿ ಸಿದ್ಧವಾಗಿತ್ತು. ಅವಳನ್ನು ನೋಡಿ ಮುಖವರಳಿಸಿದ. ಲಕ್ವ ಹೊಡೆದ ಮೇಲೆ ಆ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಆ ಗಳಿಗೆಯಲ್ಲಿ ಅದು ಅವಳ ಕಣ್ಣಿಗೆ ಬಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತೋ ಏನೋ. ಅವಳ ಕಣ್ಣಿನಲ್ಲಿ ಸಿಗ್ನೆ ಕೂತಿದ್ದಳು.

“ಏನ್ ಮಾಡ್ದೆ ನೀನು?” ಎಂದಳು. “ಸಿಗ್ನೆ ನಿನ್ನ ನಂಬ್ಕೊಂಡು ಚಳೀಲಿ ಕೂತಿದ್ರು. ಸಾಯ್ತಿದ್ರು, ವೆಂಡೆಲ್. ಕಾಲ್ಬೆರಳು ಕತ್ತರಿಸ್ತಾರಂತೆ.”

ಅವನ ಮುಖ ಕುಸಿಯಿತು. ತಲೆ ಅಲ್ಲಾಡಿಸಿದ. ಏನೋ ಹೇಳಬೇಕಿತ್ತು ಅವನಿಗೆ. ಎಡಗೈಯಿಂದ ಚೀಲ ತೋರಿಸಿದ, ಮೆಟ್ಟಿಲು ತೋರಿಸಿದ, ಎದೆ ಮುಟ್ಟಿಕೊಂಡ. “ನಾಳೆ,” ಎಂದ. ಅದಲ್ಲ ಎಂದು ತಾನೇ ತಲೆಯಾಡಿಸಿ ಮತ್ತೆ “ನಾಳೆ, ನಾಳೆ,” ಎಂದ.

ಲೊರೇನ್ ಅವನ ಕೈಯಿಂದ ಹ್ಯಾಂಡ್‌ಸೆಟ್ ಕಿತ್ತುಕೊಂಡಳು.

“ಸಾಕು. ಇನ್ನೊಂದ್ಸಲ ಆ ಮಾತು ನಿನ್ನ ಬಾಯಿಂದ ಬರ್ಬಾರ್ದು.”

ಬರಲಿಲ್ಲ.

ಎರಡನೇ ಲೈನನ್ನು ಅವಳು ಆ ವಾರವೇ ತೆಗೆಸಿದಳು. ವೆಂಡೆಲ್ ನೆಲಮಾಳಿಗೆಗೆ ಇಳಿಯುವುದನ್ನು ಬಿಟ್ಟ. ಮಾತು ಕಲಿಸುವ ಹೆಂಗಸು ಬಂದು ಚಿತ್ರ ತೋರಿಸಿದರೆ ನೋಡುತ್ತಿದ್ದ, ತುಟಿ ಬಿಚ್ಚುತ್ತಿರಲಿಲ್ಲ. ಇದ್ದ ಪದವೂ ಹೋಯಿತಲ್ಲ, ಏನಾದರೂ ಆಯಿತೇ ಎಂದು ಅವಳು ಕೇಳಿದಾಗ ಲೊರೇನ್ ನಡೆದದ್ದನ್ನು ಹೇಳಿದಳು. ಆ ಹೆಂಗಸು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಲೊರೇನಳಿಗೆ ಬಹಳ ದಿನ ಅನಿಸುತ್ತಿತ್ತು.

ಅವಳು ಗಂಡನ ಕ್ಷಮೆ ಕೇಳಿದಳು. ಕಾಫಿ ಕೊಡುತ್ತ ಕೇಳಿದಳು, ಸ್ನಾನ ಮಾಡಿಸುತ್ತ ಕೇಳಿದಳು. ಅವನು ಕೋಪವಿಟ್ಟುಕೊಂಡವನ ಹಾಗೆ ಕಾಣುತ್ತಿರಲಿಲ್ಲ. ಎಡಗೈಯಿಂದ ಅವಳ ತೋಳು ತಟ್ಟುತ್ತಿದ್ದ. ವಸಂತದಲ್ಲಿ ಒಂದು ಮಧ್ಯಾಹ್ನ, ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುವಾಗ, ಅವಳು ಅವನ ಮುಂದೆ ಸ್ಟೂಲೆಳೆದುಕೊಂಡು ಕೂತು, ಒಂದೇ ಒಂದು ಸಲ ಹೇಳು, ಏನಾದರೂ ಹೇಳು ಎಂದು ಬೇಡಿಕೊಂಡಳು. ಅವನು ಬಾಯಿ ತೆರೆದ. ಗಂಟಲು ಆಡಿತು. ಏನೂ ಬರಲಿಲ್ಲ. ತಡೆದುಕೊಂಡಿದ್ದನೋ ಅಥವಾ ನಿಜಕ್ಕೂ ಹೊರಟುಹೋಗಿತ್ತೋ, ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ಅವಳು ಅವನ ದನಿಗಾಗಿ ಮನೆಯೆಲ್ಲ ಜಾಲಾಡಿದಳು. ತಂಗಿಯ ಮದುವೆಯ ವಿಡಿಯೊ ಹಾಕಿ ನೋಡಿದಳು. ಕ್ಯಾಮೆರಾ ಹಿಡಿದಿದ್ದವನೇ ಅವನು, ಆದರೆ ಅಕಾರ್ಡಿಯನ್ ವಾದ್ಯದ ಗದ್ದಲದಲ್ಲಿ ಒಂದು ಕೆಮ್ಮಷ್ಟೇ ಕೇಳಿಸಿತು. ಕೊನೆಗೆ ಸಹಾಯದ ನಂಬರಿಗೆ ಮತ್ತೆ ಕರೆ ಮಾಡಿದಳು. ಈ ಸಲ ಬೇರೆ ಯಾರೋ. ಅಳಿಸಿದ್ದನ್ನು ಹಿಂದಕ್ಕೆ ತರುವ ದಾರಿ ಇಲ್ಲ ಎಂದ ಅವನು, ಬೇಕಾದರೆ ಹೊಸ ಮಾದರಿಯ ಫೋನು ಬಂದಿದೆ ಎಂದ.

“ಇನ್ನೇನಾದ್ರೂ ಸಹಾಯ ಬೇಕಿತ್ತಾ, ಮೇಡಂ?”

“ಇಲ್ಲ,” ಎಂದಳು ಲೊರೇನ್. ಅವನು ಇಡುವವರೆಗೂ ತಾನು ಇಡಲಿಲ್ಲ.

ಮುಂದಿನ ಚಳಿಗಾಲ ಮುಗಿಯುವ ಮೊದಲೇ ವೆಂಡೆಲ್ ಹೋಗಿಬಿಟ್ಟ, ಕುರ್ಚಿಯಲ್ಲಿ, ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ. ಶವಪೆಟ್ಟಿಗೆಯ ಮುಂದೆ ಊರಿಗೆ ಊರೇ ಸಾಲಾಗಿ ನಿಂತಿತ್ತು. ಪ್ರತಿಯೊಬ್ಬರಿಗೂ ಅವನು ಆಡಿದ ಒಂದೊಂದು ಮಾತು ನೆನಪಿತ್ತು, ಪ್ರತಿಯೊಬ್ಬರೂ ಅದನ್ನು ಲೊರೇನಳ ಕೈ ಹಿಡಿದು ಹೇಳಿದರು. ಅವಳು ತಲೆಯಾಡಿಸುತ್ತ ನಿಂತಿದ್ದಳು.

ಸಿಗ್ನೆ ಬರಲಾಗಲಿಲ್ಲ. ಎರಡು ಬೆರಳು ಹೋದ ಮೇಲೆ ಅವಳು ಕೆರೆಯಾಚೆಯ ಮನೆ ಬಿಟ್ಟು ವೃದ್ಧಾಶ್ರಮ ಸೇರಿದ್ದಳು. ಲೊರೇನ್ ಅಷ್ಟು ದಿನ ಅವಳ ಮುಖ ನೋಡಲು ಅಂಜಿ ದೂರವೇ ಉಳಿದಿದ್ದಳು. ಮಣ್ಣಾದ ಮೇಲೆ, ತಿಂಗಳು ಕಳೆದು, ಪೊಟಿತ್ಸ ಕಟ್ಟಿಕೊಂಡು ಹೋದಳು. ಸಿಗ್ನೆ ಕಿಟಕಿಯ ಬಳಿ ಕಾಲು ಚಾಚಿ ಕೂತಿದ್ದಳು. ಲೊರೇನ್ ಕಲಿತುಕೊಂಡು ಬಂದಿದ್ದ ಮಾತುಗಳನ್ನು ಹೇಳಲು ಹೊರಟರೆ ಮುದುಕಿ ಕೈಯಡ್ಡ ಹಿಡಿದಳು.

“ಅವನಿಗೆ ಹುಷಾರಿಲ್ಲ ಅಂತ ನಂಗೊತ್ತಿತ್ತು ಕಣಮ್ಮ,” ಎಂದಳು. “ಕೆರೆಯಾಚೆಗೂ ಸುದ್ದಿ ಬರತ್ತೆ. ಇನ್ನೊಬ್ರನ್ನ ಕರೆಯೋಕೆ ನಂಗೇ ಮನಸ್ಸಾಗ್ಲಿಲ್ಲ. ಬಾಯ್ಲರ್ ಕೆಟ್ಟಿದ್ದು ಹೇಳೋಕೆ ಫೋನ್ ಮಾಡ್ದೆ, ಆಮೇಲೆ ಹಾಗೇ ಮಾತಾಡ್ತಾ ಕೂತ್ಕೊಂಡೆ. ನಮ್ಮವರು ಸತ್ತಿದ್ದು, ಮಗಳು ಮಾತು ಬಿಟ್ಟಿದ್ದು, ಎಲ್ಲ ಹೇಳ್ದೆ. ಅವನು ಇಡ್ಲಿಲ್ಲ. ಒಂದೊಂದಕ್ಕೂ ನಾಳೆ ಅಂತಿದ್ದ. ಒಂದ್ಸಲ ಅಯ್ಯೋ ಅಂದ ಹಾಗಿರ್ತಿತ್ತು, ಒಂದ್ಸಲ ನಕ್ಕ ಹಾಗೆ. ನಿಂಗೆ ಗೊತ್ತಲ್ಲ, ಹೆಂಗಂತಿದ್ದ ಅಂತ.”

ಲೊರೇನಳಿಗೆ ಗೊತ್ತಿರಲಿಲ್ಲ. ಅವಳು ಆ ಪದವನ್ನು ಹಾಗೆ ಕೂತು ಕೇಳಿರಲೇ ಇಲ್ಲ. ಗೊತ್ತು ಎನ್ನುವಂತೆ ತಲೆಯಾಡಿಸಿ, ಚಾಕು ಹುಡುಕಿ, ರೊಟ್ಟಿಯನ್ನು ತೆಳ್ಳಗೆ ಕೊಯ್ಯತೊಡಗಿದಳು. ಕಣ್ಣು ಮಂಜಾಗಿ ತುಂಡುಗಳು ಸೊಟ್ಟಸೊಟ್ಟಗಾದವು. ಸಿಗ್ನೆ ತಟ್ಟೆ ಮುಂದಕ್ಕೆ ಚಾಚಿ, ತನಗೆ ಅಂಚಿನ ತುಂಡೇ ಇರಲಿ ಎಂದಳು.