ನಾಗತ್ತೆಗೆ ಹಾಡು ಹೇಳಲು ಕಲಿಸಿದ್ದು

ಧೂಳು ಕುಳಿತ ರೇಡಿಯೋ ವಾಲ್ವು ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಒಣಗಿದ ಅರಗು, ಹಳೆಯ ರಟ್ಟು, ಕಾದ ತಗಡು ಮೂರೂ ಸೇರಿದ ವಾಸನೆ. ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ, ಈಗಿನ ಯಂತ್ರಗಳು ಎಷ್ಟು ಬಿಸಿಯಾದರೂ ವಾಸನೆ ಬಿಡುವುದಿಲ್ಲ. ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಯಲ್ಲಿ ನನ್ನ ಮಿಕ್ಸಿಗಾಗಿ ಕಾದು ಕುಳಿತಿದ್ದೆ. ಅಂಗಡಿಯವನು ಯಾರದೋ ಅಟ್ಟದಿಂದ ಇಳಿದು ಬಂದ ಹಳೆಯ ರೇಡಿಯೋ ಒಂದಕ್ಕೆ ಜೀವ ಇದೆಯೋ ನೋಡೋಣವೆಂದು ಪ್ಲಗ್ ಹಾಕಿದ. ಸ್ವರ ಬರಲಿಲ್ಲ, ವಾಸನೆ ಬಂತು. ಅರವತ್ತು ದಾಟಿದ ಹೆಂಗಸು ಮಿಕ್ಸಿ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಣ್ಣೊರೆಸಿಕೊಂಡರೆ ಜನ ಏನೆಂದುಕೊಳ್ಳುತ್ತಾರೋ ಎಂದು, ಕಣ್ಣಿಗೆ ಧೂಳು ಬಿತ್ತು ಎಂದೆ. ಅವನು ಪಾಪ ಫ್ಯಾನು ಆಫ್ ಮಾಡಿದ.

ನಮ್ಮದು ಮೈಕಿನ ಮನೆ. ಹಾಗೆಂದರೆ ಆಗ ಕೊಪ್ಪದ ಪೇಟೆಯಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಅಪ್ಪ ಮೈಕ್ ಸೆಟ್ಟು, ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದರು. ರಸ್ತೆಗೆ ತೆರೆದ ಮುಂಕೋಣೆಯಲ್ಲಿ ತಗಡಿನ ದೊಡ್ಡ ಹಾರನ್ನುಗಳು ಬಾಯಿ ತೆರೆದುಕೊಂಡು ಬಿದ್ದಿರುತ್ತಿದ್ದವು, ಒಂದರೊಳಗೆ ಬೆಕ್ಕು ಮರಿ ಹಾಕಿತ್ತು. ಕಪಾಟಿನ ತುಂಬ ಕರಿಯ ಗ್ರಾಮಫೋನು ಪ್ಲೇಟುಗಳು. ಶೃಂಗೇರಿಯ ಉಪನಯನಕ್ಕೋ ನರಸಿಂಹರಾಜಪುರದ ಮದುವೆಗೋ ಸೆಟ್ಟು ಗೊತ್ತುಮಾಡಲು ಬಂದವರು ಮೆಟ್ಟಿಲಿಳಿಯುವಾಗ ಒಂದು ಮಾತು ಸೇರಿಸುತ್ತಿದ್ದರು: "ಮಂದಾರನ ಪ್ಲೇಟು ಮರೀಬೇಡಿ ಮಾರಾಯ್ರೆ." ಕುಮಾರಿ ಮಂದಾರ ಎಂದರೆ ಕಪ್ಪುಬಿಳುಪು ಸಿನಿಮಾಗಳ ಕಾಲದಲ್ಲಿ ತಾನೇ ಹಾಡಿ ತಾನೇ ನಟಿಸುತ್ತಿದ್ದ ನಾಯಕಿ. ಕುಮಾರಿ ಮಂದಾರ ಎಂದರೆ ಅಪ್ಪನ ಅಕ್ಕ ನಾಗವೇಣಿ, ನನ್ನ ನಾಗತ್ತೆ. ಅಪ್ಪ ಪ್ಲೇಟು ಸರಿಯಿದೆಯೋ ಎಂದು ಮುಂಕೋಣೆಯಲ್ಲಿ ಹಾಕಿ ನೋಡುವಾಗ ಆ ಸ್ವರ ಬೀದಿಗೆ ಹರಿಯುತ್ತಿತ್ತು, ಸಂತೆಗೆ ಹೋಗುವವರು ಚೀಲ ಕೆಳಗಿಟ್ಟು ನಿಲ್ಲುತ್ತಿದ್ದರು. ಅದೇ ಹೊತ್ತಿಗೆ ಆ ಸ್ವರದ ಒಡತಿ ಹಿತ್ತಲಲ್ಲಿ ಬೂದಿ ಹಚ್ಚಿ ಹಂಡೆ ತಿಕ್ಕುತ್ತಿದ್ದಳು. ಸ್ವರ ಮೂರು ತಾಲ್ಲೂಕಿನ ಮದುವೆಗಳಿಗೆ ಹೋಗುತ್ತಿತ್ತು, ಅವಳನ್ನು ಮಾತ್ರ ಯಾವ ಮದುವೆಗೂ ಕರೆದೊಯ್ಯುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಅಜ್ಜಿ ಅಷ್ಟಕ್ಕೇ ಬಿಡದೆ ಅದನ್ನು ವಿಷವೆಂದೇ ತೀರ್ಮಾನಿಸಿದ್ದಳು.

ನಾಗತ್ತೆಯ ಕಥೆ ನನಗೆ ಸಿಕ್ಕಿದ್ದು ತುಂಡುತುಂಡಾಗಿ, ಹೆಚ್ಚಿನದು ಅಕ್ಕಿಯ ಕಲ್ಲು ಆರಿಸುವಾಗ. ಅಜ್ಜನಿಗೆ ಹಾಡಿನ ಹುಚ್ಚು. ಕೊಪ್ಪದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯವರು ಹುಡುಗಿಯ ಕಂಠ ಕೇಳಿ ಬೇಡಿದಾಗ ಅವರು ಅಜ್ಜಿಯನ್ನು ಒಂದು ಮಾತೂ ಕೇಳದೆ ಕಳಿಸಿಬಿಟ್ಟರು. ಕಂಪನಿಯಿಂದ ಮದರಾಸಿನ ಸ್ಟುಡಿಯೋ. ಆಗ ಕ್ಯಾಮೆರಾ ಓಡುತ್ತಿರುವಾಗಲೇ ಹಾಡಬೇಕಿತ್ತಂತೆ. ಮೈಕನ್ನು ಮರದ ಕೊಂಬೆಗೆ ಎಲೆ ಮುಚ್ಚಿ ಕಟ್ಟುವುದು, ಹಾರ್ಮೋನಿಯಂ ತಬಲದವರು ಪೊದೆಯ ಹಿಂದೆ ಅಡಗಿ ಕೂರುವುದು. ಒಮ್ಮೆ ಹಾರ್ಮೋನಿಯಂ ಮುದುಕನ ಪಂಚೆಯೊಳಗೆ ಕೆಂಜಿಗ ಹೊಕ್ಕು ಅವನು ಪೆಟ್ಟಿಗೆ ಬಿಟ್ಟು ಓಡಿದ. ಇವಳು ನಿಲ್ಲಿಸಲಿಲ್ಲ. ಶ್ರುತಿಯಿಲ್ಲದೆ, ನಗು ನುಂಗಿಕೊಂಡು, ಮೇಲಿನ ಷಡ್ಜ ಹಿಡಿದು ಹಾಡು ಮುಗಿಸಿದಳು. ಇದನ್ನು ಹೇಳುವಾಗ ಅವಳ ಮುಖದಲ್ಲಿ ಬೆಳಕು ಬರುತ್ತಿತ್ತು. ಆಮೇಲೆ ಹಿನ್ನೆಲೆ ಗಾಯನ ಬಂತು. ಒಬ್ಬರು ಹಾಡುವುದು, ಇನ್ನೊಬ್ಬರು ತುಟಿ ಅಲ್ಲಾಡಿಸುವುದು. "ನಿಮ್ಮ ಸ್ವರ ದಪ್ಪ, ಈಗ ಜನಕ್ಕೆ ಎಳೇ ಸ್ವರ ಬೇಕು" ಎಂದು ಯಾವನೋ ನಿರ್ದೇಶಕ ಅವಳ ಬಾಯಿಗೆ ಬೇರೆ ಹುಡುಗಿಯ ಗಂಟಲು ಹಚ್ಚಿದ. ಕೊನೆಯ ಸಿನಿಮಾದಲ್ಲಿ ಅವಳು ತಾಯಿ. ಲಂಗದ ಹುಡುಗಿಯೊಬ್ಬಳು ಹಾಡಿಟ್ಟು ಹೋದ ಲಾಲಿಗೆ ಇವಳು ತೊಟ್ಟಿಲು ತೂಗುತ್ತ ತುಟಿ ಅಲ್ಲಾಡಿಸಿದಳು. ಅದಾದ ಮೇಲೆ ಟ್ರಂಕು ಹಿಡಿದುಕೊಂಡು ಕೊಪ್ಪದ ಬಸ್ಸು ಹತ್ತಿದಳು. ಅಷ್ಟರಲ್ಲಿ ಅಜ್ಜ ತೀರಿಕೊಂಡಿದ್ದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮಗಳಿಗೆ ಹೇಳಿದ ಮೊದಲ ಮಾತನ್ನು ಅಪ್ಪ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು: "ಕೈಕಾಲು ತೊಳ್ಕೊ. ಗಂಟಲೂ ತೊಳ್ಕೊ."

ನಮ್ಮ ಕಡೆ ಹೆಂಗಸರು ಹಾಡನ್ನು ಹಾಡುವುದಿಲ್ಲ, ಹೇಳುತ್ತಾರೆ. "ಒಂದು ಹಾಡು ಹೇಳೇ" ಎನ್ನುವುದು ನಿಮ್ಮಲ್ಲೂ ಇರಬಹುದು. ಬರೀ ಮಾತಿನ ರೂಢಿ ಎಂದುಕೊಂಡಿದ್ದರೆ ನೀವು ನಮ್ಮ ಅಜ್ಜಿಯನ್ನು ಕಂಡಿಲ್ಲ. "ಮರ್ಯಾದಸ್ಥರು ಹಾಡು ಹೇಳ್ತಾರೆ. ಹಾಡೋದು ಬಣ್ಣ ಬಳಿದವರು" ಎಂಬುದು ಅವಳ ಶಾಸನ. ಹೇಳುವುದು ಎಂದರೆ ಎಲ್ಲರೂ ಒಟ್ಟಿಗೆ, ಬಾಯಲ್ಲಿ ಅರ್ಧ ಮೂಗಿನಲ್ಲಿ ಅರ್ಧ, ನಡುವೆ "ಅಡುಗೆಯವರಿಗೆ ಕಾಯಿ ಸಿಕ್ತನೇ" ಎಂದು ವಿಚಾರಿಸಿ ಮತ್ತೆ ಸೇರಿಕೊಳ್ಳುವುದು. ಹಾಡುವುದು ಎಂದರೆ ಒಬ್ಬಳೇ, ಎದುರಿಗೆ ಕೇಳುವವರಿರುವುದು. ಆ ಎರಡನೆಯದು ಮನೆಯಲ್ಲಿ ನಿಷಿದ್ಧ. ನಾಗತ್ತೆ ಬಾವಿಕಟ್ಟೆಯಲ್ಲಿ ಮೈಮರೆತು ಗುನುಗಿದರೂ ಒಳಗಿನಿಂದ "ಹಾಡಿದ್ದೇ ಹಾಡೋ ಕಿಸಬಾಯಿದಾಸ" ಎಂದು ಬರುತ್ತಿತ್ತು. ಕೊಡಪಾನ ಬಾವಿಗಿಳಿಯುತ್ತಿತ್ತು, ಗುನುಗು ಅಲ್ಲಿಗೆ ನಿಲ್ಲುತ್ತಿತ್ತು. ಮುಂಕೋಣೆಯಲ್ಲಿ ಪ್ಲೇಟು ಹಾಡಿದರೆ ಅಜ್ಜಿಗೆ ಅಡ್ಡಿಯಿರಲಿಲ್ಲ, ಅದು ಹೊಟ್ಟೆಪಾಡು. ಹೀಗೆ ಮಗಳ ಸ್ವರ ಮನೆಗೆ ಅನ್ನ ಹಾಕುತ್ತಿತ್ತು, ಮಗಳು ಆ ಅನ್ನವನ್ನು ಎಲ್ಲರೂ ಎದ್ದ ಮೇಲೆ ಉಣ್ಣುತ್ತಿದ್ದಳು.

ನನ್ನ ಅಕ್ಕ ವಸಂತಳನ್ನು ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ನಾಗತ್ತೆಯೇ. ನರಸಿಂಹರಾಜಪುರದ ಹುಡುಗನೊಂದಿಗೆ ಮದುವೆ ಗೊತ್ತಾದಾಗ ವಸಂತಕ್ಕ ಒಂದೇ ಹಟ ಹಿಡಿದಳು. ತನಗೆ ಆರತಿ ಎತ್ತುವಾಗ ಅತ್ತೆಯೇ ಹಾಡಬೇಕು. ಅಜ್ಜಿ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡು, "ಹೇಳ್ಲಿ. ಹಾಡಬಾರ್ದು" ಎಂದಳು. ನಾಗತ್ತೆ ಅಷ್ಟಕ್ಕೇ ತಾಯಿಯ ಕಾಲು ಮುಟ್ಟಿ ನಮಸ್ಕರಿಸಿದಳು. ಮನೆಯೊಳಗೆ, ನಾಲ್ಕು ಜನರೆದುರು, ತನ್ನ ಬಾಯಿಂದ ಒಂದು ಹಾಡು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ ಎಂದು ಚಿಕ್ಕವಳಾದ ನನಗೂ ಗೊತ್ತಿತ್ತು.

ಆಮೇಲೆ ಶುರುವಾದದ್ದು ಪಾಠ. ಜಗತ್ತಿನಲ್ಲಿ ಇನ್ನೆಲ್ಲೂ ಇಂಥ ಪಾಠ ನಡೆದಿರಲಾರದು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂರುವಳು. ಎದುರಿಗೆ, ಒಂದು ಕಾಲಕ್ಕೆ ಟಾಕೀಸುಗಳನ್ನು ತುಂಬಿಸಿದ ಗಾಯಕಿ. "ಅಲ್ಲಿ ಎಂತಕ್ಕೆ ಎಳೀತಿ? ಹಗ್ಗವನೇ ಅದು?" "ಗಂಟಲು ಕುಣಿಸಬೇಡ, ಕುಣಿಸಿದ್ದು ಸಾಕು." "ಉಸಿರು ಅಷ್ಟುದ್ದ ಬೇಡ. ನಡೂಮಧ್ಯೆ ಬಿಡು, ನಮ್ಮ ಹಾಗೆ." ನಾಗತ್ತೆ ಒಂದೊಂದಾಗಿ ಕಳಚುತ್ತ ಹೋದಳು. ಮೊದಲು ಗಮಕ ಹೋಯಿತು, ಆಮೇಲೆ ಕಂಪನ, ಆಮೇಲೆ ಆ ಎದೆಯಾಳದ ಗುಂಗು. ಶ್ರುತಿ ಬಿಡುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಿಡಲು ಹೋದಷ್ಟೂ ಸ್ವರ ತಾನಾಗಿ ಸರಿಯಾದ ಜಾಗಕ್ಕೇ ಬಂದು ಕೂರುತ್ತಿತ್ತು, ಅಜ್ಜಿ ಅಡಕತ್ತರಿಯಿಂದ ನೆಲ ಕುಟ್ಟುತ್ತಿದ್ದಳು. ಮದುವೆ ಹತ್ತಿರವಾಗುವ ಹೊತ್ತಿಗೆ ಅದೂ ಬಂತು. ಒಂದು ಸಂಜೆ ಅವಳು ಪೂರ್ತಿ ಹಾಡನ್ನು ಮೂಗಿನಲ್ಲಿ, ಚಪ್ಪಟೆಯಾಗಿ, ತುಸು ಶ್ರುತಿ ಜಾರಿಸಿ ಹೇಳಿ ಮುಗಿಸಿದಳು. "ಹಾಂ, ಈಗ ಮನೆ ಹೆಣ್ಣಿನ ಹಾಗಾಯ್ತು" ಎಂದಳು ಅಜ್ಜಿ. ನಾಗತ್ತೆಯ ಮುಖ ಅರಳಿತು. ಆ ಅರಳಿದ ಮುಖವನ್ನು ನೆನೆದರೆ ನನಗೆ ಈಗಲೂ ಅಜ್ಜಿಯ ಮೇಲೆ ಸಿಟ್ಟು ಉಕ್ಕುತ್ತದೆ, ಅವಳು ಸತ್ತು ಮಣ್ಣಾಗಿ ಎಷ್ಟು ಕಾಲವಾದರೂ ಸರಿಯೇ.

ಮದುವೆ ಮನೆಯ ಮುಂದಿನ ಚಪ್ಪರದಲ್ಲಿ ನಡೆಯಿತು. ಮಂದಾರ ತಾನೇ ಹಾಡುತ್ತಾಳಂತೆ ಎಂಬ ಸುದ್ದಿ ಗಂಡಿನ ಕಡೆಯವರಿಗೆ ಮೊದಲೇ ತಲುಪಿತ್ತು. ಹೆಂಗಸರು ಮಕ್ಕಳ ಬಾಯಿ ಮುಚ್ಚಿಸಿ, ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದು ಕೂತರು. ನಾಗತ್ತೆ ಆರತಿ ತಟ್ಟೆ ಹಿಡಿದು, ಕಲಿತದ್ದನ್ನು ಕಲಿತ ಹಾಗೆಯೇ ಹೇಳಿದಳು. ಮೊದಲ ನುಡಿ ಮುಗಿಯುವುದರೊಳಗೆ ಮದುಮಗನ ಸೋದರತ್ತೆ ಪಕ್ಕದವಳಿಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಳು: "ಇದಾ ಮಂದಾರನ ಸ್ವರ? ಹೋಗೇ ಮಾರಾಯ್ತಿ, ಪ್ಲೇಟಿಗೆ ಹಾಡಿದ್ದು ಬೇರೆ ಯಾರೋ. ಇವಳು ಬಾಯಿ ಅಲ್ಲಾಡ್ಸಿದ್ದು ಅಷ್ಟೇಯ." ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾಗತ್ತೆ ನಿಲ್ಲಿಸಿದಳು. ಅವಳ ಭುಜ ಕೆಳಗಿಳಿಯಿತು, ಗದ್ದ ತುಸು ಮೇಲೆದ್ದಿತು, ಎದೆ ತುಂಬುವಂತೆ ಉಸಿರೆಳೆದುಕೊಂಡಳು. ಅವಳು ಹಾಡಿದ್ದನ್ನು ನಾನು ಕಣ್ಣಾರೆ ಕಂಡವಳಲ್ಲ, ಆದರೂ ಈಗ ಹಾಡುತ್ತಾಳೆ ಎಂದು ಗೊತ್ತಾಯಿತು. ನನಗಿಂತ ಮೊದಲೇ ಅಜ್ಜಿಗೆ ಗೊತ್ತಾಗಿತ್ತು. "ಸಾಕು. ಪ್ಲೇಟ್ ಹಾಕೋ!" ಎಂದು ಮಗನತ್ತ ಕೂಗಿದಳು.

ಅಪ್ಪ ಜೀವನದಲ್ಲಿ ಎಂದೂ ತಾಯಿಯ ಮಾತು ಮೀರಿದವರಲ್ಲ. ಮೈಕ್ ಸೆಟ್ಟಿನ ವಾಲ್ವು ಆಗಲೇ ಕಾದಿತ್ತು, ಆ ವಾಸನೆ ಚಪ್ಪರದ ಹೂವಿನ ವಾಸನೆಯ ಮೇಲೆ ಬಂದು ಕೂತಿತು. ಕಂಬದ ಹಾರನ್ನಿನಿಂದ ಇಪ್ಪತ್ತರ ಹರೆಯದ ನಾಗತ್ತೆಯ ಸ್ವರ ಧುಮುಕಿತು. "ಹಾಂ, ಇದು ನೋಡು ಸ್ವರ ಅಂದ್ರೆ!" ಎಂದು ಹೆಂಗಸರು ತಲೆದೂಗಿದರು. ಒಂದೆರಡು ಸಾಲಿನ ಮಟ್ಟಿಗೆ ನಾಗತ್ತೆಯ ತುಟಿ ತಾನಾಗಿ ಆ ಹಾಡಿಗೆ ಅಲ್ಲಾಡಿತು. ಅವಳದೇ ಹಾಡಲ್ಲವೇ? "ನೋಡಿದ್ಯನೇ, ನಾನು ಹೇಳ್ಲಿಲ್ವ, ಬಾಯಿ ಅಲ್ಲಾಡ್ಸದು" ಎಂದಳು ಸೋದರತ್ತೆ. ನಾಗತ್ತೆ ಬಾಯಿ ಮುಚ್ಚಿ ಆರತಿಯನ್ನು ಶಾಸ್ತ್ರಕ್ಕೆ ತಕ್ಕಂತೆ ಸುತ್ತಿಸಿ, ತಟ್ಟೆ ಕೆಳಗಿಟ್ಟು, ಹಿತ್ತಲಿಗೆ ಹೋದಳು. ವಸಂತಕ್ಕ ಬಿಕ್ಕಿಬಿಕ್ಕಿ ಅತ್ತಳು. ತವರು ಬಿಡುವ ದುಃಖ ಎಂದು ಜನ ಮೆಚ್ಚಿಕೊಂಡರು.

ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಉಣಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು ಎಲ್ಲ ನಾಗತ್ತೆಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ಅಜ್ಜಿ ಕಣ್ಣು ಬಿಟ್ಟು, ಮಗಳ ಕೈ ಹುಡುಕಿ ಹಿಡಿದುಕೊಂಡು, "ನಾಗೂ, ಒಂದು ಹಾಡು ಹಾಡೇ" ಎಂದಳು. ಹೇಳು ಎನ್ನಲಿಲ್ಲ. ಬಾಗಿಲಲ್ಲಿದ್ದ ಅಪ್ಪನಿಗೆ ದಿಗಿಲಾಗಿ, "ಪ್ಲೇಟ್ ಹಾಕ್ಲಾ ಅಮ್ಮ?" ಎಂದರು. ಅಜ್ಜಿ ಇದ್ದಬದ್ದ ಬಲದಲ್ಲೆಲ್ಲ ತಲೆಯಾಡಿಸಿದಳು. "ಪ್ಲೇಟ್ ಬೇಡ್ವೋ. ನನ್ನ ಮಗಳು ಹಾಡ್ಲಿ."

ನಾಗತ್ತೆ ಸೆರಗು ಸರಿಮಾಡಿಕೊಂಡು ಕೂತಳು. ವಸಂತಕ್ಕನ ಮದುವೆಯ ಅದೇ ಆರತಿ ಹಾಡು. ಮೂಗಿನಲ್ಲಿ, ಚಪ್ಪಟೆಯಾಗಿ, ನಡುನಡುವೆ ಉಸಿರು ಬಿಟ್ಟು, ತುಸು ಶ್ರುತಿ ಜಾರಿಸಿ, ಒಂದು ಅಕ್ಷರವೂ ಎಳೆಯದೆ ಹೇಳಿದಳು. ಅಜ್ಜಿಯ ಕಣ್ಣಿನ ತುದಿಯಿಂದ ನೀರಿಳಿದು ದಿಂಬಿಗೆ ಹೋಯಿತು. "ಹಾಗಲ್ಲ ಕಣೇ. ನಿನ್ನ ಹಾಗೆ."

"ನಂಗೆ ಬರೋದು ಇಷ್ಟೇ ಅಮ್ಮ" ಎಂದಳು ನಾಗತ್ತೆ, ಅವಳ ಬಾಯಿ ಒರೆಸುತ್ತ. "ನೀನೇ ಅಲ್ವಾ ಕಲಿಸಿದ್ದು."

ಬರಲಿಲ್ಲವೋ, ಕೊಡಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನಮಗಾರಿಗೂ ಬರಲಿಲ್ಲ. ಅಜ್ಜಿ ಹೋದಳು. ಕ್ಯಾಸೆಟ್ಟು ಬಂದ ಮೇಲೆ ಆ ಪ್ಲೇಟುಗಳನ್ನು ಕೇಳುವವರೂ ಇಲ್ಲವಾದರು. ಮನೆಯಿದ್ದಲ್ಲಿ ಈಗ ಮೊಬೈಲು ಅಂಗಡಿಯಿದೆ. ಅಜ್ಜಿಯಿಲ್ಲದ ಆ ವರ್ಷಗಳಲ್ಲಿ ನಾಗತ್ತೆಯನ್ನು ಎಲ್ಲ ಮದುವೆಗಳಿಗೂ ಕರೆಯುತ್ತಿದ್ದರು, "ನಾಗಮ್ಮ ನಮ್ಮ ಹಾಗೇ ಚೆನ್ನಾಗಿ ಹೇಳ್ತಾರೆ" ಎಂದು. ಅವಳು ಹೋಗುತ್ತಿದ್ದಳು, ಹೆಂಗಸರ ಸಾಲಿನ ಕೊನೆಯಲ್ಲಿ ಕೂತು ಎಲ್ಲರ ಜೊತೆ ಬಾಯಿಗೂಡಿಸುತ್ತಿದ್ದಳು. ನಾನು ಚಪ್ಪರದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ, ಅಷ್ಟು ಸ್ವರಗಳಲ್ಲಿ ಅವಳದು ಯಾವುದೆಂದು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ.