ಮೇಷ್ಟ್ರು ಬರೆದ ನಾಳೆ

ಬಡಗಿ ನಮ್ಮ ಬೀದಿಬಾಗಿಲಿನ ಹಳೇ ಬಣ್ಣ ಕೆರೆಯುತ್ತಿದ್ದ. ಬೇವಿನ ಹಲಗೆಯ ಕಹಿ ವಾಸನೆ ಪಡಸಾಲೆಗೆಲ್ಲ ಹರಡಿತು. ಎದ್ದು ಹೋಗಿ ನೋಡಿದರೆ ಬಣ್ಣದಡಿಯಿಂದ ಸುಣ್ಣದಲ್ಲಿ ಬರೆದ ಎರಡು ಪದ ಎದ್ದುಬಂದಿದ್ದವು: ನಾಳೆ ಬಾ. ಮೇಷ್ಟ್ರ ಕೈಬರಹ...

ಆಗ ನನಗೆ ಎಂಟು ವರ್ಷ. ಮಧುಗಿರಿಗೆ ಪ್ಲೇಗು ಬಂದಿತ್ತು. ಮಾರಿ ಮನೆಮನೆಗೂ ಬರುತ್ತಾಳೆ, ಬಾಗಿಲ ಮೇಲೆ 'ನಾಳೆ ಬಾ' ಎಂದಿದ್ದರೆ ಓದಿಕೊಂಡು ಹಿಂದಿರುಗುತ್ತಾಳೆ, ಮರುದಿನ ಬಂದರೂ ಅದನ್ನೇ ಓದಿ ಹೋಗುತ್ತಾಳೆ ಎಂದು ಜನರ ನಂಬಿಕೆ. ನಮ್ಮ ಬೀದಿಯಲ್ಲಿ ಅಕ್ಷರ ಬಲ್ಲವರು ಶಾಲೆಯ ಮೇಷ್ಟ್ರೊಬ್ಬರೇ. ಅವರು ಬರೆಯಲು ಸುತರಾಂ ಒಪ್ಪಲಿಲ್ಲ. ಯಾರಿಗೆ ಕೊಟ್ಟರೂ ಮಾತು ಮಾತೇ ಎನ್ನುವುದು ಅವರ ತತ್ವ. ನಾಳೆ ಬಳಪ ತರುತ್ತೇನೆ ಎಂದು ಹುಡುಗರಿಗೆ ಹೇಳಿದ್ದರೆ ಮಳೆ ಸುರಿದರೂ ತರುತ್ತಿದ್ದ ಆಸಾಮಿ.

ಆಮೇಲೆ ನನಗೇ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಅಜ್ಜಿ ಮೇಷ್ಟ್ರನ್ನು ಮನೆಗೆ ಕರೆತಂದು ಕಾಲು ಹಿಡಿದಳು.

"ಒಂದೇ ಒಂದು ಸುಳ್ಳು ಬರ್ದುಬುಡಿ ಸ್ವಾಮಿ. ನಂಗಿರೋಳು ಇವಳೊಬ್ಳೇ."

"ಸುಳ್ಳು ಬರೆಯೋಕೆ ನನ್ ಕೈಲಾಗಲ್ಲ ಕಣಮ್ಮ," ಎಂದರು. ಬಹಳ ಹೊತ್ತು ನನ್ನನ್ನೇ ನೋಡಿದರು. "ನಾನು ಬರೆದ್ರೆ ನಿಜವಾಗ್ಲೂ ಕರೆದಂಗೇ. ಆಯ್ತು, ಸುಣ್ಣ ಕೊಡಿ."

ಮಾರನೆಯ ದಿನ ನಡುಮಧ್ಯಾಹ್ನ. ಬೀದಿಯಲ್ಲಿ ಒಂದು ಕಾಗೆಯ ದನಿಯೂ ಇರಲಿಲ್ಲ. ಮೇಷ್ಟ್ರು ಒಗೆದ ಪಂಚೆ ಉಟ್ಟು, ಪೇಟ ಸುತ್ತಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತರು. ಅಜ್ಜಿ ಗಾಬರಿಯಾಗಿ, "ಇದೇನ್ ಸ್ವಾಮಿ, ಇಲ್ಲಿ ಕೂತ್ಬುಟ್ರಿ?" ಎಂದಳು.

"ಬಾ ಅಂದೋನು ನಾನು. ಬಂದಾಗ ನಾನಿಲ್ದಿದ್ರೆ ಹೆಂಗೆ?"

ಒಳಗೆ ಚಾಪೆಯ ಮೇಲೆ ಮಲಗಿದ್ದ ನನಗೆ ಬಳೆಯ ಸದ್ದು ಕೇಳಿಸಿತು. ಅಜ್ಜಿಯ ಕೈಯಲ್ಲಿ ಬಳೆಯಿರಲಿಲ್ಲ... "ಬಾ ತಾಯಿ, ಕೂತ್ಕೋ," ಎಂದರು ಮೇಷ್ಟ್ರು. ಅಜ್ಜಿ ಇಣುಕಿದಾಗ ಅವರೊಬ್ಬರೇ ಇದ್ದರಂತೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದಿದ್ದರಂತೆ.

ಸಂಜೆಗೆ ನನ್ನ ಜ್ವರ ಇಳಿಯಿತು. ಮೂರನೆಯ ದಿನ ಮೇಷ್ಟ್ರನ್ನು ಹೊತ್ತುಕೊಂಡು ಹೋದರು. ಅಜ್ಜಿ ಬಾಗಿಲಿಗೆ ಬಣ್ಣ ಬಳಿಸಿದಳು.

ಜ್ವರದಲ್ಲಿ ಏನೇನೋ ಕೇಳಿಸುತ್ತದೆ ಅನ್ನುತ್ತಾರೆ. ಇರಬಹುದು... ಆದರೂ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಊರೆಲ್ಲ ಹೇಳಿದ ಸುಳ್ಳನ್ನು ಅವರೂ ಹೇಳಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಹಾಗೆ ಹೇಳುವವರಾಗಿದ್ದರೆ ನಾನು ಉಳಿಯುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಬಡಗಿ ಬೆವರು ಒರೆಸಿಕೊಂಡ. "ಹೊತ್ತಾಯ್ತು ಕಣಮ್ಮ. ಉಳಿದಿದ್ದು ನಾಳೆ ಬಂದು ಮಾಡ್ಲಾ?"

"ಬೇಡಪ್ಪ, ಇವತ್ತೇ ಮುಗಿಸು. ಆ ಅಕ್ಷರ ಒಂದೂ ಉಳೀಬಾರ್ದು."

ಓದಿಕೊಂಡು ಬಂದವಳನ್ನು ಜಗಲಿಯಲ್ಲಿ ಎದುರುಗೊಳ್ಳಲು ಈಗ ಮೇಷ್ಟ್ರಿಲ್ಲ.