ಅಕ್ರೋಟಿನ ಮರ ಹುಡುಕಿ ಬಂದವನು

ಎವಾರಿಸ್ಟ್ ನಮ್ಮೂರಿಗೆ ಬಂದ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಬ್ರೆಡ್ಡಿನಂಗಡಿಯಲ್ಲಿ. ಅಂಗಡಿಯ ಸೋಲಾಂಜ್ ಕೈಯ ಹಿಟ್ಟು ಕೊಡವುತ್ತ ಹೇಳಿದಳು: "ಯಾವನೋ ಒಬ್ಬ ಚೌಕದಲ್ಲಿ ನಿಂತ್ಕೊಂಡು, ನಾನು ನೋಡ್ಬೇಕು ಅಂದ್ಕೊಂಡ ಊರು ಇದೇನಾ ಅಂತ ಎಲ್ರನ್ನೂ ಕೇಳ್ತಿದಾನೆ ಕಣೇ! ಇನ್ನೂ ಒಂದು ಲೋಟ ವೈನೂ ಕುಡಿದಿಲ್ಲ, ಆಗಲೇ ಹಿಂಗೆ!"

ಹೋಗಿ ನೋಡಿದೆವು. ಅವನ ತಾಯಿ ಹುಡುಗಿಯಾಗಿದ್ದಾಗ ಯಾವುದೋ ಊರಿಗೆ ದ್ರಾಕ್ಷಿ ಕೊಯ್ಲಿಗೆ ಬಂದಿದ್ದಳಂತೆ. ಅಲ್ಲೇ ಇದ್ದುಬಿಡಬೇಕಿತ್ತು ಎಂದು ಸಾಯುವ ತನಕ ಹಂಬಲಿಸಿದಳು. ಊರಿನ ಹೆಸರು ಮಾತ್ರ ಮರೆತಿದ್ದಳು. ಕಲ್ಲಿನ ಹೆಬ್ಬಾಗಿಲು, ಅದರ ಮಗ್ಗುಲಿಗೆ ಅಕ್ರೋಟಿನ ಮರ, ಅಷ್ಟೇ ಗುರುತು. ಹೆಬ್ಬಾಗಿಲು ಎದುರಿಗೇ ಇತ್ತು. ಮರ ಇರಲಿಲ್ಲ.

"ಇತ್ತು. ನಾನೇ ಹತ್ತಿ ಬಿದ್ದಿದ್ದೀನಿ," ಎಂದ ಪೀಪಾಯಿ ಮಾಡುವ ಲಿಯೋನ್ಸ್.

"ಬಿದ್ದಿದ್ದು ನಿಜ. ಮರದಿಂದಲ್ಲ, ವೈನಂಗಡಿ ಬೆಂಚಿಂದ," ಎಂದಳು ಸೋಲಾಂಜ್.

ಯಾರನ್ನು ನಂಬುವುದೆಂದು ಎವಾರಿಸ್ಟನಿಗೆ ತಿಳಿಯಲಿಲ್ಲ, ನನಗೂ ಇಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಬದುಕಿದ್ದರೆ ಹೇಳುತ್ತಿದ್ದನೇನೋ. ಅಷ್ಟರಲ್ಲಿ ದಿಜೋನ್ ಪಟ್ಟಣಕ್ಕೆ ಹೋಗುವ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಅವನಿಗೆ ನಮ್ಮನೆಯ ಮಾಳಿಗೆಯ ಕೋಣೆ ಕೊಟ್ಟೆ.

"ಸೋಮವಾರ ಹೊರಡ್ತೀನಿ ಅಕ್ಕಾ, ಮುಂದಿನ ಊರೂ ನೋಡ್ಬೇಕಲ್ಲ," ಎನ್ನುತ್ತಿದ್ದ. ಎಷ್ಟು ಸೋಮವಾರ ಕಳೆದವೋ! ನನ್ನ ನಾಲ್ಕು ಸಾಲು ದ್ರಾಕ್ಷಿ ಬಳ್ಳಿ ಸವರುವುದನ್ನು ಕಲಿತ, ಕೊಯ್ಲು ಮುಗಿದ ಊಟಕ್ಕೆ ನನ್ನ ಪಕ್ಕದಲ್ಲೇ ಕುಳಿತ. ಮಂಚದ ಕೆಳಗೆ ಕಟ್ಟಿಟ್ಟ ಚೀಲವನ್ನು ಮಾತ್ರ ಬಿಚ್ಚಲಿಲ್ಲ. ಇವನು ನೆಂಟನೋ, ಮನೆಯವನೋ? ಜನ ಕೇಳಿದರೆ ನಾನು ತಡವರಿಸುತ್ತಿದ್ದೆ.

ಬಳ್ಳಿ ಕಾಯುವ ಸಂತ ವಿನ್ಸೆಂಟನ ಮೂರ್ತಿ ನಮ್ಮಲ್ಲಿ ವರ್ಷಕ್ಕೊಂದು ಮನೆಯಲ್ಲಿ ಇರುತ್ತದೆ. ಸರದಿ ನಮ್ಮನೆಗೆ ಬಂದ ವರ್ಷವೇ ಎವಾರಿಸ್ಟ್ ಹಾಸಿಗೆ ಹಿಡಿದ. ಜನವರಿಯಲ್ಲಿ ಸಂತನನ್ನು ಮುಂದಿನ ಮನೆಗೆ ಒಯ್ಯಲು ಮೆರವಣಿಗೆ ಬಂತು. ಬ್ಯಾಂಡಿನ ಸದ್ದಿಗೆ ಅವನು ಗಾಬರಿಯಾಗಿ ಎದ್ದು ಕುಳಿತ.

"ಯಾರನ್ನ ಕರ್ಕೊಂಡು ಹೋಗೋಕೆ ಬಂದ್ರು ಅಕ್ಕಾ? ನನ್ನನ್ನಾ?"

"ಸಂತನನ್ನ ಕಣಪ್ಪಾ. ವರ್ಷ ತುಂಬ್ತಲ್ಲ. ಅವನು ನೆಂಟ."

"ಮತ್ತೆ ನಾನು?"

"ನೀನೂ ಹೋದ್ರೆ ಬಳ್ಳಿ ಸವರೋರು ಯಾರು?" ಎಂದುಬಿಟ್ಟೆ.

ಅವನು ಮಂಚದ ಕೆಳಗೆ ಕೈ ತೋರಿಸಿದ.

"ಆ ಮರ ಇತ್ತೋ ಇಲ್ವೋ... ಇರ್ಲಿ ಬಿಡಿ. ಚೀಲ ಬಿಚ್ಚಿ, ನನ್ನ ಬಟ್ಟೆ ಬೀರುವಲ್ಲಿ ಇಡ್ತೀರಾ ಅಕ್ಕಾ?"